ದೊಡ್ಡ ಮೀನು ಗಾಳಕ್ಕೆ ಬಿದ್ದಾಗ: ಇಟ್ಟುಕೊಳ್ಳುವುದಾ, ಬಿಡುವುದಾ?

ಪ್ರಶ್ನೆ: ನನ್ನ ಊರು ಗಂಗಾವತಿ ಕಡೆ, ಕೆಲಸ ಬೆಂಗಳೂರಲ್ಲಿ. ರಜೆಗೆ ಬಂದಾಗ ಮುನಿರಾಬಾದ್ ಮೇಲಿನ ತುಂಗಭದ್ರಾ ಹಿನ್ನೀರಿನಲ್ಲಿ ಕಯಾಕ್ (ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿ) ಇಳಿಸಿ ಗಾಳ ಹಾಕುತ್ತೇನೆ. ಹೋದ ಬೇಸಿಗೆಯಲ್ಲಿ ಒಂದು ಭಾರೀ ಬಾಳೆ ಮೀನು ಬಿತ್ತು. ಲೈನ್ ತೆಳುವಾಗಿತ್ತು, ಅರ್ಧ ಗಂಟೆ ಆಟ ಆಡಿಸಿತು. ಕಿವಿರಿಗೆ ಹಗ್ಗ ಪೋಣಿಸಿ ದಡದ ತನಕ ಎಳೆದು ತಂದೆ, ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡೆ. ಆಮೇಲೆ ಯಾಕೋ ಮನಸ್ಸಾಗಲಿಲ್ಲ, ನೀರಿಗೆ ಬಿಟ್ಟೆ. ಅದು ಹೊಟ್ಟೆ ಮೇಲೆ ಮಾಡಿ ತೇಲಿತು. "ಅತ್ಲಾಗ ತಿನ್ನಲಿಲ್ಲ, ಇತ್ಲಾಗ ಬದುಕಿಸಲಿಲ್ಲ" ಅಂತ ಭಾವ ಬೈದರು. ದೊಡ್ಡ ಮೀನು ಇಟ್ಟುಕೊಳ್ಳುವುದು ತಪ್ಪಾ? ಬಿಡುವುದಾದರೆ ಕಯಾಕ್ ಮೇಲೆ ಕೂತು ಹೇಗೆ ಬಿಡುವುದು? ತೆಳು ಲೈನಿನಲ್ಲಿ ಹಿಡಿದರೇ ನಿಜವಾದ ಆಟ ಅಂತಾರೆ, ಅದು ಸರಿಯಾ?

ಉತ್ತರ: ನಿಮ್ಮ ಭಾವನ ಬೈಗುಳದಲ್ಲೇ ಅರ್ಧ ಉತ್ತರ ಇದೆ. ನೀವು ಆ ಮೀನನ್ನು ಮನೆಗೆ ಒಯ್ದಿದ್ದರೂ ನಾನು ದೊಡ್ಡ ತಕರಾರು ತೆಗೆಯುತ್ತಿರಲಿಲ್ಲ. ಗಾಳ ಬಿಡಿಸಿ ಅಲ್ಲೇ ಬಿಟ್ಟಿದ್ದರೆ ಖುಷಿ ಪಡುತ್ತಿದ್ದೆ. ಎಡವಟ್ಟಾದದ್ದು ತೀರ್ಮಾನ ತಡವಾದ್ದರಿಂದ. ಇಡುವುದಾ ಬಿಡುವುದಾ ಅನ್ನುವುದನ್ನು ಗಾಳ ಎಸೆಯುವ ಮುಂಚೆಯೇ ನಿರ್ಧರಿಸಿಕೊಂಡಿರಬೇಕು. ದಡದ ಮೇಲೆ ನಿಂತವನಿಗೆ ಯೋಚಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಎರಡೂವರೆ ಅಡಿ ಅಗಲದ ಕಯಾಕ್ ಮೇಲೆ, ತೊಡೆ ಪಕ್ಕದಲ್ಲೇ ಹತ್ತು ಕೆಜಿ ಮೀನು ಒದ್ದಾಡುವಾಗ ಯಾವ ಯೋಚನೆಯೂ ಬರುವುದಿಲ್ಲ.

ನಿಮ್ಮ ಮೀನಿಗೆ ಏನಾಯಿತು ಅಂತ ಮೊದಲು ನೋಡೋಣ. ಅರ್ಧ ಗಂಟೆ ಎಳೆದಾಡಿದ ಮೀನಿನ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿರುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿದಿರುತ್ತದೆ. ಆಗ ಅದಕ್ಕೆ ಬೇಕಾದದ್ದು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಬರುವ ನೀರು. ನೀವು ಅದೇ ಕಿವಿರಿಗೆ ಹಗ್ಗ ಪೋಣಿಸಿ ಎಳೆದಿರಿ. ಆಮೇಲೆ ಗಾಳಿಗೆ ಎತ್ತಿದಿರಿ. ಕಿವಿರಿನ ಎಳೆಗಳು ನೀರಿನಲ್ಲಿದ್ದಾಗ ಮಾತ್ರ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಾಳಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ನಾವು ಒಂದೇ ಉಸಿರಿಗೆ ಓಡಿ ಬಂದ ಮೇಲೆ ಯಾರೋ ಬಾಯಿ ಮೂಗು ಒತ್ತಿ ಹಿಡಿದು "ಸ್ವಲ್ಪ ತಡಿ, ಫೋಟೋ ತಗೊಳ್ತೀನಿ" ಅಂದ ಹಾಗೆ.

ಬೇಸಿಗೆ ಅಂತ ಬೇರೆ ಬರೆದಿದ್ದೀರಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಬಿಸಿಗೆ ಮೀನಿನ ದೇಹಕ್ಕೆ ಆಮ್ಲಜನಕ ಇನ್ನೂ ಜಾಸ್ತಿ ಬೇಕು. ಹಾಗಾಗಿ ಡಿಸೆಂಬರಿನಲ್ಲಿ ಬದುಕಿ ಹೋಗುವ ಮೀನು ಮೇ ತಿಂಗಳಲ್ಲಿ ಸಾಯುತ್ತದೆ. ಮೀನು ಬಿಡುವ ಉದ್ದೇಶ ಇದ್ದವರು ಏಪ್ರಿಲ್-ಮೇನಲ್ಲಿ ನಸುಕಿನಲ್ಲಿ ಗಾಳ ಹಾಕಿ ಬಿಸಿಲೇರುವ ಮುಂಚೆ ಎದ್ದು ಬರಬೇಕು. ಸಂಜೆಗಿಂತ ನಸುಕು ಒಳ್ಳೆಯದು, ನೀರು ತಂಪಾಗಿರುತ್ತದೆ.

ಈಗ ಇಟ್ಟುಕೊಳ್ಳುವ ಮಾತು. ಇದಕ್ಕೆ ಒಂದೇ ಉತ್ತರ ಇಲ್ಲ. ಮೀನು ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಬಾಳೆ ಮೀನು ನಮ್ಮ ನದಿಯದ್ದೇ. ಉದ್ದ ಚಪ್ಪಟೆ ಮೈ, ಕಣ್ಣಿನ ಆಚೆಗೂ ಸೀಳಿದ ಬಾಯಿ, ಬೆನ್ನ ಮೇಲೆ ಹೆಸರಿಗೆ ಒಂದು ಪುಟ್ಟ ರೆಕ್ಕೆ, ಎರಡೇ ಜೊತೆ ಮೀಸೆ. ಹಲ್ಲು ಸಣ್ಣವು, ಆದರೆ ಸಾಲುಸಾಲಾಗಿ ಒಳಕ್ಕೆ ಬಾಗಿರುತ್ತವೆ. ಬಾಯಿಗೆ ಬಿದ್ದದ್ದು ಹೊರಗೆ ಬಾರದಿರಲಿ ಅಂತ. ರುಚಿ ಇದೆ, ಮುಳ್ಳು ಕಡಿಮೆ, ಮಾರುಕಟ್ಟೆಯಲ್ಲಿ ಒಳ್ಳೆ ರೇಟು. ಅದಕ್ಕೇ ಎಲ್ಲೆಡೆ ಕಡಿಮೆಯಾಗುತ್ತಿದೆ. ಜೀವಿಗಳ ಸ್ಥಿತಿಗತಿ ಲೆಕ್ಕ ಇಡುವ ಐಯುಸಿಎನ್ ಪಟ್ಟಿಯಲ್ಲಿ ಅದು ಈಗ "ವಲ್ನರಬಲ್" ಗುಂಪಿಗೆ ಬಂದಿದೆ. ಅಂದರೆ ಹೀಗೇ ಬಿಟ್ಟರೆ ಅಳಿವಿನ ದಾರಿ ಹಿಡಿಯಬಹುದಾದ ಮೀನು. ಮುಂಗಾರು ನೀರು ಬಂದು ಅಂಚಿನ ತಗ್ಗುಗಳು ತುಂಬಿದಾಗ ಅಲ್ಲಿ ತತ್ತಿ ಇಡುತ್ತದೆ. ದೊಡ್ಡ ಬಾಳೆ ಮೀನನ್ನು ಬಿಡಿ ಅಂತ ನಾನು ಹೇಳುವುದು ಇದಕ್ಕೇ.

ದೊಡ್ಡದನ್ನೇ ಯಾಕೆ ಬಿಡಬೇಕು, ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಹಿಡಿಯುವುದೇ ಧರ್ಮ ಅಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ತೀರಾ ಮರಿಗಳನ್ನು ಬಿಡಬೇಕು, ನಿಜ. ಆದರೆ ತೀರಾ ದೊಡ್ಡವನ್ನೂ ಬಿಡಬೇಕು. ಮೀನು ಆಕಳಿನ ಹಾಗಲ್ಲ, ವಯಸ್ಸಾದ ಹಾಗೆ ಹೆರುವುದು ನಿಲ್ಲುವುದಿಲ್ಲ. ಹೆಣ್ಣು ಮೀನು ಬೆಳೆದಷ್ಟೂ ತತ್ತಿ ಜಾಸ್ತಿ. ತೂಕ ಎರಡು ಪಟ್ಟಾದರೆ ತತ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಗುವುದು ಬಹಳ ಜಾತಿಯ ಮೀನುಗಳಲ್ಲಿ ಕಂಡುಬಂದಿದೆ. ನಮಗೆ ಗೊತ್ತಿರುವ ರೋಹು ಮೀನೇ ಕೆಜಿ ತೂಕಕ್ಕೆ ಲಕ್ಷ ದಾಟಿ ತತ್ತಿ ಇಡುತ್ತದೆ. ನೀವು ಎರಡು ಕೈಯಲ್ಲಿ ಎತ್ತಿ ಹಿಡಿಯುವಂಥ ಮೀನು ಅಷ್ಟು ವರ್ಷ ಬಲೆ, ಗಾಳ, ಬರ, ನೆರೆ ಎಲ್ಲ ದಾಟಿ ಬಂದದ್ದು. ಅಂಥದ್ದು ಒಂದು ಹೋದರೆ ಅದರ ಜಾಗಕ್ಕೆ ಇನ್ನೊಂದು ಬರಲು ಅಷ್ಟೇ ವರ್ಷ ಬೇಕು. ತಿನ್ನಲು ಬೇಕೆಂದರೆ ನಡುವಿನ ಅಳತೆಯದ್ದು ತಗೊಳ್ಳಿ. ರುಚಿಯೂ ಅದರದ್ದೇ ಚೆನ್ನ. ಭಾರೀ ಮೀನಿನ ಮಾಂಸ ಒರಟು, ಕೊಬ್ಬು ಜಾಸ್ತಿ. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳ ಮೈಯಲ್ಲಿ ಪಾದರಸದಂಥ ವಿಷವೂ ವರ್ಷವರ್ಷ ಕೂಡುತ್ತಾ ಹೋಗುತ್ತದೆ. ಇದು ಎಲ್ಲ ನೀರಿಗೂ ಅನ್ವಯಿಸುವ ಮಾತು, ಬರೀ ನಮ್ಮ ಡ್ಯಾಮಿನದ್ದಲ್ಲ.

ಕಟ್ಲಾ, ರೋಹು ಬೇರೆ ಲೆಕ್ಕ. ಇವಕ್ಕೆ ತತ್ತಿ ಇಡಲು ಹರಿಯುವ ಹೊಸ ನೀರು ಬೇಕು. ನಿಂತ ನೀರಿನಲ್ಲಿ ಆಗುವುದಿಲ್ಲ. ಕೆರೆಗಳಲ್ಲಿ, ಜಲಾಶಯದಲ್ಲಿ ನೀವು ಹಿಡಿಯುವ ಕಟ್ಲಾ ಬಹುಪಾಲು ಯಾರೋ ಮರಿ ತಂದು ಬಿಟ್ಟು ಬೆಳೆಸಿದ್ದು. ಅದನ್ನು ತಿಂದರೆ ನದಿಗೆ ದೊಡ್ಡ ನಷ್ಟ ಇಲ್ಲ. ಆದರೆ ಬಿಟ್ಟವರು ಯಾರು ಅನ್ನುವ ಪ್ರಶ್ನೆ ಬರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೊರವ ಮೀನಿನ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ, ಹೇಳಿಬಿಡುತ್ತೇನೆ. ಜೊಂಡು ಬೆಳೆದ ಅಂಚಿನಲ್ಲಿ ಕಯಾಕ್ ನಿಲ್ಲಿಸಿ ಸುಮ್ನೆ ನೀರು ನೋಡುತ್ತಿದ್ದರೆ, ಒಮ್ಮೊಮ್ಮೆ ಊಟದ ತಟ್ಟೆಯಷ್ಟು ಅಗಲ ನೀರು ಕೆಂಪಗೆ ಕುದಿಯುವ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಅವು ಮರಿಗಳು. ನೂರಾರು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಗುಂಪಾಗಿ ಮೇಲೆ ಬಂದು ಗಾಳಿ ಗುಟುಕರಿಸಿ ಇಳಿಯುತ್ತವೆ. ಅವುಗಳ ಅಡಿಯಲ್ಲಿ ಅಪ್ಪ ಅಮ್ಮ ಕಾವಲು ಇರುತ್ತವೆ. ಯಾವ ವಸ್ತು ಆ ಗುಂಪಿನ ಮೇಲೆ ಬಿದ್ದರೂ ಮೇಲೆದ್ದು ಹೊಡೆಯುತ್ತವೆ, ಹಸಿವಿಗಲ್ಲ, ಮರಿ ಕಾಯಲು. ಇದು ಗೊತ್ತಿರುವವರು ರಬ್ಬರ್ ಕಪ್ಪೆಯ ಲೂರನ್ನು (ಗಾಳ ಸಿಕ್ಕಿಸಿದ ನಕಲಿ ಎರೆ) ಸರಿಯಾಗಿ ಆ ಕೆಂಪು ತಟ್ಟೆಯ ಮೇಲೇ ಎಸೆಯುತ್ತಾರೆ. ಮೊದಲ ಎಸೆತಕ್ಕೇ ಮೀನು. ಇದರಲ್ಲಿ ಯಾವ ಕೌಶಲವೂ ಇಲ್ಲ. ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ಬೇಗನೆ ಖಾಲಿ ಮಾಡುತ್ತವೆ. "ಹಿಡಿದು ಬಿಡ್ತೀನಲ್ಲ" ಅಂದರೂ ನಡೆಯುವುದಿಲ್ಲ, ಅಷ್ಟು ಹೊತ್ತಿಗೆ ಮರಿ ಹೋಗಿರುತ್ತವೆ. ಮರಿಗುಂಪು ಕಂಡರೆ ಹುಟ್ಟು ತಿರುಗಿಸಿ ಬೇರೆ ಕಡೆ ಹೋಗಿ.

ಮಹಶೀರ್ ಬಿದ್ದರೆ ಯೋಚನೆಯೇ ಬೇಡ, ಬಿಡಿ. ಇಲ್ಲಿ ಈಗ ಅಪರೂಪ. ಕೃಷ್ಣಾ ಕಣಿವೆಯದ್ದೇ ಆದ ದಖನ್ ಮಹಶೀರಿಗೆ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ 1839ರಲ್ಲಿ ಪುಣೆ ಹತ್ತಿರದ ನದಿಗಳಲ್ಲಿ ಕಂಡು ವೈಜ್ಞಾನಿಕ ಹೆಸರು ಕೊಟ್ಟ. ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ನಿಂತು ದೇವರ ಮೀನಿಗೆ ಮಂಡಕ್ಕಿ ಹಾಕಿ ಬರುತ್ತೇವೆ. ಅಲ್ಲಿ ಕೈ ಮುಗಿಯುವುದು ಇದೇ ಕುಲದ ಮೀನಿಗೆ. ಅದೇ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ನಮ್ಮ ಡ್ಯಾಮಿಗೆ ಬರುತ್ತಾಳೆ.

ಇನ್ನೊಂದು ಮೀನು ಇದೆ, ಅದನ್ನು ಮಾತ್ರ ಬಿಡಲೇಬಾರದು. ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆಗೆ ದೇಶದಲ್ಲಿ 2000ದಿಂದಲೇ ನಿಷೇಧ ಇದೆ, ಆದರೂ ಕದ್ದು ಸಾಕುವ ಹೊಂಡಗಳಿಂದ ನೆರೆಯಲ್ಲಿ ತಪ್ಪಿಸಿಕೊಂಡು ಹೊಳೆ ಸೇರುತ್ತದೆ. ಸಿಕ್ಕಿದ್ದೆಲ್ಲ ತಿನ್ನುತ್ತದೆ, ನೀರಿನಾಚೆಯೂ ಬಹಳ ಹೊತ್ತು ಜೀವ ಹಿಡಿಯುತ್ತದೆ. ಗುರುತು ಸುಲಭ: ಗಟ್ಟಿ ಚಪ್ಪಟೆ ತಲೆ, ನಾಲ್ಕು ಜೊತೆ ಮೀಸೆ, ಬೆನ್ನುದ್ದಕ್ಕೂ ರೆಕ್ಕೆ. ನಮ್ಮ ನಾಡಿನ ಪುಟ್ಟ ಮುರುಗೋಡು ಮೀನೂ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ, ಆದರೆ ಅದು ಇಷ್ಟು ಬೆಳೆಯುವುದಿಲ್ಲ. ಮೂರು-ನಾಲ್ಕು ಕೆಜಿ ತೂಗುವುದು ಸಿಕ್ಕರೆ ಅನುಮಾನವೇ ಬೇಡ. ದಯೆ ತೋರಿಸಿ ಅದನ್ನು ನೀರಿಗೆ ಬಿಟ್ಟರೆ ಉಳಿದ ಮೀನಿಗೆಲ್ಲ ಅನ್ಯಾಯ ಮಾಡಿದಂತೆ.

ಈಗ ಯಾರ ಮೀನು ಅನ್ನುವ ವಿಷಯ. ಹವ್ಯಾಸಕ್ಕೆ ಗಾಳ ಹಾಕುವ ನಮ್ಮಂಥವರು ಮರೆಯುವುದು ಇದನ್ನೇ. ನಮ್ಮ ಕಡೆ ಬಹಳಷ್ಟು ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಹೆಚ್ಚಾಗಿ ಮೀನುಗಾರರ ಸಹಕಾರ ಸಂಘಗಳಿಗೆ. ಅವರು ದುಡ್ಡು ಕಟ್ಟಿ ಮರಿ ಬಿಟ್ಟು ಕಾಯುತ್ತಾರೆ. ಅಲ್ಲಿ ಕೇಳದೆ ಗಾಳ ಹಾಕಿದರೆ ಅದು ಸರಳವಾಗಿ ಕಳ್ಳತನ, ಕಯಾಕ್ ಎಷ್ಟೇ ಚೆಂದ ಇರಲಿ. ಜಲಾಶಯದಲ್ಲಾದರೆ ಲೈಸೆನ್ಸ್ ವಿಚಾರ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೂ ತುಂಗಭದ್ರಾ ಮಂಡಳಿಯಲ್ಲೂ ಕೇಳಿಕೊಂಡೇ ಇಳಿಯಿರಿ. ಮಳೆಗಾಲದಲ್ಲಿ ಮೀನು ಹಿಡಿಯುವುದನ್ನು ಎಂದಿನಿಂದ ಎಂದಿನವರೆಗೆ ನಿಲ್ಲಿಸಿರುತ್ತಾರೆ ಅನ್ನುವುದನ್ನೂ ಅಲ್ಲೇ ತಿಳಿದುಕೊಳ್ಳಿ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದಂತೂ 1897ರಷ್ಟು ಹಳೆಯ ಕಾನೂನಿನಲ್ಲೇ ಅಪರಾಧ.

ಹಿನ್ನೀರಿನಲ್ಲಿ ಬೆಳಗ್ಗೆ ಹರಗೋಲಿನ ಮೇಲೆ ಬಲೆ ಎತ್ತುವವರನ್ನು ನೋಡಿದ್ದೀರಲ್ಲ. ಒಬ್ಬರು ಒಂದೇ ಕೈಯಲ್ಲಿ ಹುಟ್ಟು ಹಾಕುತ್ತಾರೆ, ಇನ್ನೊಂದು ಕೈಯಲ್ಲಿ ಬಲೆ ಎಳೆದು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಬುಟ್ಟಿಯಂಥ ಆ ದೋಣಿ ಗಿರಗಿರ ತಿರುಗಬೇಕು, ತಿರುಗುವುದಿಲ್ಲ. ಅವರು ಯಾವ ಮೀನನ್ನೂ ಬಿಡುವುದಿಲ್ಲ. ಹಾಗಂತ ನಿಮಗಿಂತ ಅವರು ಕಡಿಮೆ ನೀತಿವಂತರು ಅಂತ ಅಂದುಕೊಂಡರೆ ತಪ್ಪಾದೀತು. ಅದು ಅವರ ದುಡಿಮೆ. "ಸರ, ನಿಮ್ಗ ಆಟ, ನಮ್ಗ ಊಟ" ಅಂತ ಒಬ್ಬ ಹಿರಿಯರು ನನಗೆ ನಕ್ಕು ಹೇಳಿದ್ದರು. ಆಟಕ್ಕೆ ಬಂದವರಿಗೆ ನಿಯಮ ಜಾಸ್ತಿ ಇರಬೇಕಾದ್ದು ನ್ಯಾಯವೇ. ಅವರ ಬಲೆಯ ಬೆಂಡುಗಳ ಸಾಲು ಕಂಡರೆ ಸುತ್ತು ಹಾಕಿ ಹೋಗಿ. ನಿಮ್ಮ ಗಾಳ ಬಲೆಗೆ ಸಿಕ್ಕರೆ ನಿಮ್ಮ ಲೈನ್ ಕತ್ತರಿಸಿ, ಬಲೆ ಕತ್ತರಿಸಬೇಡಿ. ಮೀನು ಎಲ್ಲಿದೆ, ಗಾಳಿ ಯಾವಾಗ ಏಳುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ನಿಮ್ಮ ಫಿಶ್ ಫೈಂಡರಿಗೆ ಗೊತ್ತಿಲ್ಲ. ಮಾತಾಡಿಸಿ.

ಡ್ಯಾಮಿನ ಕೆಳಗೆ ಹೋಗುವ ಯೋಚನೆ ಇದ್ದರೆ ಇನ್ನೊಂದು ಮಾತು. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಹಂಪಿ, ಆನೆಗೊಂದಿ ಎಲ್ಲ ಈ ಉದ್ದದಲ್ಲೇ ಬರುತ್ತವೆ. ಅರಣ್ಯ ಇಲಾಖೆಯವರನ್ನು ಕೇಳದೆ ಅಲ್ಲಿ ಗಾಳ ಹಾಕಬೇಡಿ. ನೀರುನಾಯಿಗೆ ಮೀನೇ ಊಟ. ನೀವು ಬಂಡೆಗೆ ಸಿಕ್ಕಿಸಿ ಬಿಟ್ಟುಬಂದ ನೈಲಾನ್ ಲೈನ್ ಅದರ ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಯಾರೂ ಬರುವುದಿಲ್ಲ. ಅದಲ್ಲದೆ ಆ ಬಂಡೆಗಳ ನಡುವಿನ ಸೆಳವು ಕಯಾಕ್ ಕಲಿಯುವ ಜಾಗವಲ್ಲ. ಗೇಟಿನಿಂದ ನೀರು ಯಾವಾಗ ಎಷ್ಟು ಬರುತ್ತದೆ ಅಂತ ನೆಚ್ಚಿ ಕೂರಲೂ ಆಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟೇ ಕೊಚ್ಚಿಕೊಂಡು ಹೋದದ್ದು ನೆನಪಿದೆ ಅಲ್ವಾ? ರಾಯಚೂರು ಕಡೆ ಕೃಷ್ಣೆಯಲ್ಲೂ ಅಷ್ಟೇ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯೇ ಮುಳುಗುತ್ತದೆ, ನಿಮ್ಮ ಕಯಾಕ್ ಯಾವ ಲೆಕ್ಕ? ಎರಡೂ ನದಿಯಲ್ಲಿ ಮೊಸಳೆ ಇವೆ. ಹಿಡಿದ ಮೀನನ್ನು ಹಗ್ಗಕ್ಕೆ ಪೋಣಿಸಿ ಕಯಾಕ್ ಪಕ್ಕ ತೇಲಿಬಿಡುವ ಅಭ್ಯಾಸ ಹಾಗಾಗಿ ಮೀನಿಗೂ ಕೆಟ್ಟದ್ದು, ನಿಮಗೂ ಕೆಟ್ಟದ್ದು.

ಹಿನ್ನೀರಿಗೇ ವಾಪಸ್ ಬರೋಣ. ಕಯಾಕಿಗೆ ಅದು ಒಳ್ಳೆಯ ಜಾಗ. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳಿನಿಂದ ಅಂಚೆಲ್ಲ ಆಳವಿಲ್ಲದ ನೀರಾಗಿದೆ. ಮೋಟಾರ್ ಬೋಟ್ ಹೋಗದ ಕಡೆ ಕಯಾಕ್ ಹೋಗುತ್ತದೆ. ನೀರು ಇಳಿದಾಗ ಮುಳುಗಡೆಯಾದ ಹಳ್ಳಿಗಳ ಗೋಡೆ, ಕಟ್ಟೆ ಕಾಣುತ್ತವಲ್ಲ, ನೀರು ಏರಿದಾಗ ಬಾಳೆ ಮೀನು ಹೊಂಚು ಹಾಕುವುದು ಅಂಥ ಕಡೆಯೇ. ಬೇಸಿಗೆಯಲ್ಲಿ ನೋಡಿ ಗುರುತು ಮಾಡಿಟ್ಟುಕೊಳ್ಳಿ, ದೀಪಾವಳಿ ಆದ ಮೇಲೆ ಹೋಗಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಮೈಲಿಗಟ್ಟಲೆ ಬಯಲು ನೀರಿನ ಮೇಲೆ ಬೀಸಿ ಬರುತ್ತದೆ, ಡ್ಯಾಮಿನ ಕಡೆಗೆ ಬರಬರುತ್ತಾ ಅಲೆ ಏಳುತ್ತದೆ. ಆಗ ಹೋಗಲೇಬೇಡಿ. ಹೇಗೂ ಅದು ಮೀನು ತತ್ತಿ ಇಡುವ ಕಾಲ.

ಕಯಾಕ್ ಮೇಲೆ ದೊಡ್ಡ ಮೀನು ಬಿದ್ದಾಗ ಮೊದಲು ಆಗುವುದು ಕಯಾಕೇ ಹೊರಡುವುದು. ಮೀನು ಎಳೆದ ಕಡೆಗೆ ನೀವೂ ಹೋಗುತ್ತೀರಿ. ಹೋಗಲಿ ಬಿಡಿ. ಗಾಳದ ಕೋಲನ್ನು ಕಯಾಕಿನ ಮೂತಿಯ ಕಡೆಗೇ ಇಟ್ಟುಕೊಳ್ಳಿ. ಪಕ್ಕಕ್ಕೆ ಎಳೆಯಲು ಬಿಟ್ಟರೆ ಮಗುಚುತ್ತದೆ. ಮೀನು ಅಡಿಯಿಂದ ತೂರಿ ಆ ಕಡೆ ಹೋದರೆ ಕೋಲಿನ ತುದಿಯನ್ನು ನೀರಿಗೆ ಅದ್ದಿ ಮೂತಿಯ ಸುತ್ತ ತಿರುಗಿಸಿ ತನ್ನಿ. ಎದ್ದು ನಿಲ್ಲುವ ಸಾಹಸ ಬೇಡ. ಲಂಗರು ಹಾಕಿದ್ದರೆ ಮೂತಿಯಿಂದ ಇಲ್ಲವೇ ಬಾಲದಿಂದ ಮಾತ್ರ, ಪಕ್ಕದಿಂದ ಎಂದೂ ಬೇಡ. ಹಗ್ಗದ ತುದಿಗೆ ಮುಚ್ಚಳ ಬಿಗಿದ ಒಂದು ಖಾಲಿ ಕ್ಯಾನ್ ಕಟ್ಟಿರಿ. ಮೀನು ಬಿದ್ದ ತಕ್ಷಣ ಹಗ್ಗ ಕಳಚಿ ಎಸೆದು ಹೋಗಿ, ಆಮೇಲೆ ಕ್ಯಾನ್ ತೇಲುತ್ತಿರುವ ಕಡೆ ಬಂದು ತಗೊಳ್ಳಿ. ಲೈಫ್ ಜಾಕೆಟ್ ಹಾಕಿರಬೇಕು. ಸೀಟಿನ ಹಿಂದೆ ಸಿಕ್ಕಿಸಿಟ್ಟರೆ ಹಾಕಿದಂತೆ ಆಗುವುದಿಲ್ಲ.

ಮೀನು ಪಕ್ಕಕ್ಕೆ ಬಂತು. ಇಲ್ಲಿಂದ ಮುಂದಿನ ಒಂದು ನಿಮಿಷದಲ್ಲೇ ಅದು ಬದುಕುವುದೋ ಸಾಯುವುದೋ ತೀರ್ಮಾನ ಆಗುತ್ತದೆ. ರಬ್ಬರ್ ಕಣ್ಣಿನ ಕೈಬಲೆಯನ್ನು ಮೊದಲೇ ನೀರಿಗೆ ಇಳಿಸಿ, ಮೀನಿನ ತಲೆ ಮುಂದಾಗಿ ಅದರೊಳಕ್ಕೆ ತನ್ನಿ. ಗಂಟು ಹಾಕಿದ ನೈಲಾನ್ ಬಲೆ ಬೇಡ, ಅದು ಮೈ ಮೇಲಿನ ಲೋಳೆಯನ್ನೂ ರೆಕ್ಕೆಯನ್ನೂ ಕೆರೆಯುತ್ತದೆ. ಲೋಳೆ ಹೋದ ಕಡೆ ಬೂಸು ಹಿಡಿಯುತ್ತದೆ, ಮೀನು ಈಜಿಕೊಂಡೇನೋ ಹೋಗುತ್ತದೆ, ವಾರದ ಮೇಲೆ ಸಾಯುತ್ತದೆ. ಬಲೆ ನೀರಲ್ಲೇ ಇರಲಿ. ನೀವೂ ಸುಧಾರಿಸಿಕೊಳ್ಳಿ, ಅದೂ ಸುಧಾರಿಸಿಕೊಳ್ಳಲಿ. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡು ಬಂದಿದ್ದರೆ ಉದ್ದ ಮೂತಿಯ ಇಕ್ಕಳದಲ್ಲಿ ಒಂದು ತಿರುವಿಗೆ ಬಿಟ್ಟುಕೊಳ್ಳುತ್ತದೆ. ಬಾಳೆ ಮೀನಿನ ಬಾಯಿಗೆ ಬೆರಳು ಹಾಕಬೇಡಿ. ಗಾಳ ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗದೆ ಬಾಯಿಯ ಹತ್ತಿರ ಲೈನ್ ಕತ್ತರಿಸಿ. ಕಿತ್ತರೆ ರಕ್ತ ಹೋಗಿ ಸಾಯುತ್ತದೆ, ಬಿಟ್ಟರೆ ಬದುಕುವ ಸಾಧ್ಯತೆ ಜಾಸ್ತಿ.

ಫೋಟೋ ಬೇಡ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಕ್ಯಾಮೆರಾವನ್ನು ಮೊದಲೇ ಎದುರಿಗೆ ಸಿಕ್ಕಿಸಿ ಚಾಲೂ ಮಾಡಿಟ್ಟುಕೊಳ್ಳಿ. ಕೈ ಒದ್ದೆ ಮಾಡಿ, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಅಡಿಗೆ. ನೀರಿನಿಂದ ಗೇಣುದ್ದ ಮೇಲೆ ಎತ್ತಿ, ನೀವು ಉಸಿರು ಬಿಗಿಹಿಡಿದು ಹತ್ತು ಎಣಿಸುವಷ್ಟರಲ್ಲಿ ಇಳಿಸಿ. ದವಡೆ ಹಿಡಿದು ನೇತಾಡಿಸಬೇಡಿ. ಭಾರದ ಮೀನಿನ ದವಡೆ, ಬೆನ್ನುಮೂಳೆ ಆ ತೂಕ ತಡೆಯುವುದಿಲ್ಲ. ಕಯಾಕಿನ ಮೇಲೆ ಮಲಗಿಸಲೂ ಬೇಡಿ. ನಮ್ಮ ಬಿಸಿಲಿಗೆ ಆ ಪ್ಲಾಸ್ಟಿಕ್ ಹೇಗೆ ಕಾದಿರುತ್ತದೆ ಅಂತ ನಿಮ್ಮ ಅಂಗೈಯನ್ನೇ ಇಟ್ಟು ನೋಡಿ.

ತೂಕ ತಿಳಿಯಲು ತಕ್ಕಡಿಗೆ ನೇತು ಹಾಕಬೇಕಿಲ್ಲ. ಕೈಬಲೆಯೊಳಗೇ ಟೇಪಿನಿಂದ ಉದ್ದ ಅಳೆಯಿರಿ, ಮೈ ದಪ್ಪ ಇರುವಲ್ಲಿ ಸುತ್ತಳತೆ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿ. 90 ಸೆಂಟಿಮೀಟರ್ ಉದ್ದ, 60 ಸುತ್ತಳತೆ ಇದ್ದರೆ ಸುಮಾರು 11 ಕೆಜಿ. ಬಾಳೆ ಮೀನಿನಂಥ ಚಪ್ಪಟೆ ಮೈಗೆ ಸ್ವಲ್ಪ ಹೆಚ್ಚುಕಡಿಮೆ ಆದೀತು. ಗೆಳೆಯರ ಮುಂದೆ ಹೇಳಿಕೊಳ್ಳಲು ಅಷ್ಟು ಸಾಕು.

ಬಿಡುವಾಗ ತಳ್ಳಿಬಿಡಬೇಡಿ. ಬಾಲದ ಬುಡ ಹಿಡಿದು, ತಲೆ ನೀರು ಬರುವ ಕಡೆಗೆ ಮಾಡಿ ನೆಟ್ಟಗೆ ನಿಲ್ಲಿಸಿ. ನಿಂತ ನೀರಾದರೆ ಇನ್ನೊಂದು ಕೈಯಲ್ಲಿ ನಿಧಾನ ಹುಟ್ಟು ಹಾಕಿ ಕಯಾಕನ್ನು ಮುಂದಕ್ಕೆ ನಡೆಸಿ, ಬಾಯಿಯಿಂದ ನೀರು ಒಳಗೆ ಹೋಗುತ್ತದೆ. ಹಿಂದೆ ಮುಂದೆ ಜಗ್ಗಾಡುವ ಒಂದು ಪದ್ಧತಿ ಇದೆ, ವಿಡಿಯೋಗಳಲ್ಲಿ ಬಹಳ ಕಾಣುತ್ತದೆ. ಹಿಂದಕ್ಕೆ ಎಳೆದರೆ ಕಿವಿರಿಗೆ ನೀರು ಉಲ್ಟಾ ಹೊಗುತ್ತದೆ, ಪ್ರಯೋಜನ ಇಲ್ಲ. ಅದು ತಾನಾಗಿ ಬಾಲ ಕೊಡವಿ ಕೈಯಿಂದ ಬಿಡಿಸಿಕೊಂಡು ಹೋಗಬೇಕು. ಅಲ್ಲಿಯವರೆಗೆ ಕಾಯಿರಿ.

ತಿನ್ನಲೆಂದೇ ಹಿಡಿದಿದ್ದರೆ ಅಲ್ಲೂ ಅಷ್ಟೇ, ತಡ ಮಾಡಬೇಡಿ. ಹಗ್ಗಕ್ಕೆ ಕಟ್ಟಿ ಗಂಟೆಗಟ್ಟಲೆ ಒದ್ದಾಡಿಸಬೇಡಿ. ಒಂದು ಮೊಂಡು ಕಟ್ಟಿಗೆ ಇಟ್ಟುಕೊಂಡಿರಿ. ಕಣ್ಣಿನ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ ಗಟ್ಟಿಯಾಗಿ ಒಂದು ಏಟು. ಆಮೇಲೆ ಕಿವಿರು ಕೊಯ್ದು ರಕ್ತ ಇಳಿಸಿ ಥರ್ಮಾಕೋಲ್ ಡಬ್ಬಿಗೆ ಹಾಕಿ. ನಮ್ಮ ಸೆಕೆಗೆ ಮೀನಿನ ತೂಕದಷ್ಟೇ ಐಸ್ ಬೇಕು. ಐಸ್ ತಂದಿಲ್ಲ ಅಂದರೆ ಆವತ್ತು ಇಟ್ಟುಕೊಳ್ಳುವ ಮಾತೇ ಬೇಡ. ಒದ್ದಾಡಿ ಸತ್ತ, ಬಿಸಿಲಿಗೆ ಬೆಂದ ಮೀನಿನ ಸಾರು ಹೇಗಿರುತ್ತದೆ ಅಂತ ರೊಟ್ಟಿ ಬಡಿಯುವ ಮನೆಯವರನ್ನೇ ಕೇಳಿ. ಎರಡು-ಮೂರು ಕೆಜಿ ಕಟ್ಲಾ ಒಂದಿದ್ದರೆ ಮನೆ ಮಂದಿಗೆಲ್ಲ ಆಯಿತು. ಅದು ಸಿಕ್ಕಿದ ಮೇಲೆ ಗಾಳ ಸುತ್ತಿಡಿ.

ಪಾಪ ಪುಣ್ಯದ ಮಾತು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ಹಿಂದೆ ಅದು ಇದ್ದ ಹಾಗಿದೆ. ಬಿಡುವುದು ಅಂದರೆ ಪುಣ್ಯದ ಕೆಲಸ ಅಂತಲೂ ತಿಳಿಯಬೇಡಿ. ನಮ್ಮ ಖುಷಿಗೆ ಒಂದು ಜೀವದ ಬಾಯಿಗೆ ಗಾಳ ಹಾಕಿರುತ್ತೇವೆ. ಎಷ್ಟೇ ಜೋಪಾನ ಮಾಡಿದರೂ ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ. ಹಾಗಾಗಿ "ಹೇಗೂ ಬಿಡ್ತೀವಲ್ಲ" ಅಂತ ದಿನವಿಡೀ ಹಿಡಿಯುತ್ತಾ ಕೂರುವವನಿಗಿಂತ, ಒಂದು ಹಿಡಿದು ಮನೆಗೆ ಒಯ್ದು ಉಂಡವನು ಹೊಳೆಗೆ ಕಡಿಮೆ ತೊಂದರೆ ಕೊಟ್ಟಿರಬಹುದು. ನಿಮ್ಮ ಭಾವನಿಗೆ ಈ ಮಾತು ಇಷ್ಟ ಆಗಬಹುದು.

ಇನ್ನು ತೆಳು ಲೈನಿನ ಪ್ರಶ್ನೆ. ತಣ್ಣೀರಿನ ದೇಶಗಳಲ್ಲಿ, ಚಿಕ್ಕ ಮೀನಿಗೆ ಅದು ನಡೆದೀತು. ನಮ್ಮ ಬಿಸಿ ನೀರಿನಲ್ಲಿ, ದೊಡ್ಡ ಮೀನು ಇರುವಲ್ಲಿ ತೆಳು ಲೈನ್ ಅಂದರೆ ಮೀನನ್ನು ಸುಸ್ತು ಮಾಡಿ ಸಾಯಿಸುವುದು, ಇಲ್ಲವೇ ಲೈನ್ ಕಡಿದು ಬಾಯಲ್ಲಿ ಗಾಳ ಇಟ್ಟುಕೊಂಡೇ ಅದು ಹೋಗುವುದು. ಬಾಳೆ ಮೀನಿಗೆ ಹೋಗುವುದಾದರೆ 40 ಪೌಂಡ್ ತಡೆಯುವ ಬ್ರೇಡ್ (ಹೆಣೆದ ಲೈನ್) ಹಾಕಿ, ತುದಿಗೆ ಹಲ್ಲು ತಡೆಯುವ ಲೀಡರ್, ಅಂದರೆ ಒಂದು ಮೊಳ ಉದ್ದದ ದಪ್ಪ ಲೈನಿನ ತುಂಡು, ಒಂದೇ ಮುಳ್ಳಿನ ಗಾಳ. ಮೂರು ಮುಳ್ಳಿನ ಟ್ರೆಬಲ್ ಹುಕ್ ಇರುವ ಲೂರ್ ಕೊಂಡಿದ್ದರೆ ಅದನ್ನು ಬಿಚ್ಚಿ ಒಂಟಿ ಹುಕ್ ಹಾಕಿಕೊಳ್ಳಿ. ಟ್ರೆಬಲ್ ಹುಕ್ ಮೀನಿನ ಬಾಯಿಗೂ ಕೈಬಲೆಗೂ ಒಟ್ಟಿಗೇ ಸಿಕ್ಕಿಕೊಳ್ಳುತ್ತದೆ, ಕಯಾಕ್ ಮೇಲೆ ಎಷ್ಟೋ ಸಲ ಮೂರನೆಯ ಮುಳ್ಳು ನಿಮ್ಮ ತೊಡೆಗೇ ಬರುತ್ತದೆ.